ತೆರವು ಪಟ್ಟಿ, ಮರ ಸಂಖ್ಯೆ ಒಂದು

ಸರ್ಕಾರಿ ಕಾಗದಗಳನ್ನು ಕನ್ನಡಕ್ಕೆ ತರುವುದರಲ್ಲಿ ನನ್ನನ್ನು ಮೀರಿಸುವವರು ಬಸವೇಶ್ವರನಗರದಲ್ಲಿ ಯಾರೂ ಇಲ್ಲ ಎಂಬುದು ಹೋದ ಫೆಬ್ರವರಿಯವರೆಗೂ ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಮೂವತ್ತೊಂದು ವರ್ಷ ಒಂದು ಇಲಾಖೆಯಲ್ಲಿ ಭಾಷಾಂತರಕಾರಳಾಗಿದ್ದೆ. ಇಂಗ್ಲಿಷಿನಲ್ಲಿ ಅಲ್ಪಸ್ವಲ್ಪ ಅರ್ಥವಾಗುತ್ತಿದ್ದ ಎಷ್ಟೋ ಸುತ್ತೋಲೆಗಳನ್ನು ಯಾರಿಗೂ ಅರ್ಥವಾಗದ ಕನ್ನಡಕ್ಕೆ ತಂದ ಕೀರ್ತಿ ನನ್ನದು. ನಿವೃತ್ತಿಯ ದಿನ ಶಾಲು ಹೊದಿಸಿದ ಅಧಿಕಾರಿಯೊಬ್ಬರು, "ನಿರ್ಮಲಾ ಮೇಡಂ ಇರೋವಾಗ ನಿಘಂಟು ಯಾಕ್ರೀ?" ಎಂದಿದ್ದರು. ಅವರು ಮಾತಿಗೆ ಹೇಳಿದ್ದರು. ನಾನು ನಂಬಿಬಿಟ್ಟೆ!

ನಮ್ಮ ಮಹಡಿ ಮನೆಯಲ್ಲಿ ಸುಷ್ಮಾ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ವಿಜಯನಗರದ ಕಡೆ ಒಂದು ಕಾಲೇಜಿನಲ್ಲಿ ಪರಿಸರ ವಿಜ್ಞಾನ ಹೇಳಿಕೊಡುತ್ತಾಳೆ. ಒಂದು ಭಾನುವಾರ ಬೆಳಿಗ್ಗೆ ದಪ್ಪನೆಯ ಕಾಗದದ ಕಟ್ಟು ಹಿಡಿದು ಕೆಳಗಿಳಿದು ಬಂದಳು.

"ಆಂಟಿ, ಒಂದು ದೇಶ ತನ್ನ ಹೊಲ, ಕಾಡು, ನೆಲದಿಂದ ಎಷ್ಟು ಇಂಗಾಲ ಗಾಳಿಗೆ ಬಿಡುತ್ತೆ, ಎಷ್ಟು ವಾಪಸ್ ಎಳ್ಕೊಳುತ್ತೆ ಅಂತ ಲೆಕ್ಕ ಹಾಕೋ ವಿಧಾನ ಇದು. ನಮ್ಮ ಸ್ಟೂಡೆಂಟ್ಸ್‌ಗೆ ಕನ್ನಡದಲ್ಲಿ ಬೇಕು. ನೀವು ಮಾಡ್ಕೊಡ್ತೀರಾ?"

ನಿವೃತ್ತಳಾದ ಮೇಲೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಗ್ಯಾಸ್ ಬುಕ್ ಮಾಡಿದ್ದೀಯಾ ಎಂದು ಯಜಮಾನರು ಕೇಳುತ್ತಿದ್ದುದನ್ನು ಬಿಟ್ಟರೆ.

ಯಜಮಾನರು ಎಂದರೆ ಮಹದೇವಪ್ಪನವರು. ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು. ಪೇಪರ್ ಓದುತ್ತಿದ್ದವರು ಕಿವಿ ನೆಟ್ಟಗೆ ಮಾಡಿದರು. ಸುಷ್ಮಾ ವಿವರಿಸಿದಳು. ಭತ್ತದ ಗದ್ದೆಯಲ್ಲಿ ನಿಂತ ನೀರಿನಿಂದ ಅನಿಲ ಏಳುತ್ತದಂತೆ. ಕಾಡು ಕಡಿದು ಲೇಔಟ್ ಮಾಡಿದರೆ ಅದೂ ಲೆಕ್ಕಕ್ಕೆ. ಹಸು ಮೆಲುಕು ಹಾಕಿ ತೇಗಿದರೆ ಅದೂ ದೇಶದ ಲೆಕ್ಕಕ್ಕೆ. ಇಷ್ಟೆಲ್ಲ ಬಿಟ್ಟದ್ದನ್ನು ಗಿಡಮರಗಳು, ಮಣ್ಣು ತಮ್ಮ ಕೈಲಾದಷ್ಟು ವಾಪಸ್ ತೆಗೆದುಕೊಳ್ಳುತ್ತವೆ.

"ನಾನು ತೇಗಿದ್ರೂ ದೇಶದ ಲೆಕ್ಕಕ್ಕೆ ಬರುತ್ತೇನಮ್ಮ?" ಯಜಮಾನರು ಕೇಳಿದರು.

"ಮನೆ ಲೆಕ್ಕಕ್ಕೇ ನಿಮ್ಮನ್ನ ತಗೊಂಡಿಲ್ಲ, ದೇಶ ಯಾಕ್ರೀ ತಗೊಳುತ್ತೆ!" ಎಂದೆ. ಎಲ್ಲರೂ ನಕ್ಕೆವು. ಆ ಭಾನುವಾರ ಬಹಳ ಚೆನ್ನಾಗಿತ್ತು.

ಕೆಲಸ ಶುರುವಾಯಿತು. ಕೋಷ್ಟಕದಲ್ಲಿ ಎರಡು ಮುಖ್ಯ ಕಾಲಂಗಳು. ಮೊದಲನೆಯದು ಎಮಿಷನ್ಸ್. ಹೊರಸೂಸುವಿಕೆ ಎಂದು ಬರೆದೆ. ಎರಡನೆಯದು ರಿಮೂವಲ್ಸ್. ಇದಕ್ಕೆ ಯೋಚಿಸುವುದೇನಿದೆ? ಒತ್ತುವರಿ ರಿಮೂವಲ್ ಎಂದರೆ ಒತ್ತುವರಿ ತೆರವು. ಅನಧಿಕೃತ ಅಂಗಡಿ ರಿಮೂವಲ್ ಎಂದರೆ ಅಂಗಡಿ ತೆರವು. ಮೂವತ್ತೊಂದು ವರ್ಷದಲ್ಲಿ ಈ ಪದ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಮರಗಳು ಗಾಳಿಯಿಂದ ಇಂಗಾಲವನ್ನು ತೆರವು ಮಾಡುತ್ತವೆ. ಆದ್ದರಿಂದ "ತೆರವು" ಎಂದು ದಪ್ಪಕ್ಷರದಲ್ಲಿ ಬರೆದೆ.

ಸುಷ್ಮಾ ಸ್ವಲ್ಪ ಅನುಮಾನಿಸಿದಳು. "ಆಂಟಿ, ಹೀರಿಕೆ ಅಂತ ಹಾಕೋಣ್ವಾ?"

"ಹೀರಿಕೆ ಅಂದ್ರೆ ಸ್ಟ್ರಾ ಹಾಕ್ಕೊಂಡು ಎಳನೀರು ಕುಡಿದ ಹಾಗಿರುತ್ತಮ್ಮ. ದೇಶದ ಲೆಕ್ಕ ಇದು. ಗಾಂಭೀರ್ಯ ಬೇಡ್ವಾ?"

ಅವಳು ದೊಡ್ಡವರಿಗೆ ಎದುರಾಡುವ ಹುಡುಗಿಯಲ್ಲ. ಅಂದೇ ಸಂಜೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಭತ್ತದ ಗದ್ದೆಗಳನ್ನು ನೋಡಲು ಮಂಡ್ಯದ ಕಡೆ ಹತ್ತು ದಿನಕ್ಕೆ ಹೋಗುವವಳಿದ್ದಳು. ಹೋಗುವ ಮುಂಚೆ, "ವಾಪಸ್ ಬಂದ್ಮೇಲೆ ನಮ್ಮ ಬೀದೀನೇ ಒಂದು ಪುಟ್ಟ ದೇಶ ಅಂದ್ಕೊಂಡು ಲೆಕ್ಕ ಮಾಡೋಣ ಆಂಟಿ, ಸ್ಟೂಡೆಂಟ್ಸ್‌ಗೆ ಪ್ರಾಕ್ಟಿಕಲ್ ಆಗುತ್ತೆ" ಎಂದಳು.

ವಾಪಸ್ ಬಂದ ಮೇಲೆ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಅವಳು ಬರುವಷ್ಟರಲ್ಲಿ ಮಾಡಿ ಮುಗಿಸಿ ಬೆರಗುಗೊಳಿಸಬೇಕು ಎಂದು ಸೋಮವಾರವೇ ಟೊಂಕ ಕಟ್ಟಿದೆ.

ಹೊರಸೂಸುವಿಕೆಯಿಂದ ಆರಂಭ. ಬೀದಿಯ ತುದಿಯಲ್ಲಿ ಕಟ್ಟಿರುವ ಒಂದು ಹಸುವಿನ ಮುಂದೆ ನೋಟ್‌ಬುಕ್ ಹಿಡಿದು ನಿಂತೆ. ಕಾಲು ಗಂಟೆಯಲ್ಲಿ ಅದು ಮೂರು ಸಲ ತೇಗಿತು ಎಂದು ನನ್ನ ಅಂದಾಜು. ನಾಲ್ಕನೆಯದನ್ನು ಬರೆಯುವ ಮುಂಚೆ ಆ ಪುಟವನ್ನೇ ತಿಂದುಬಿಟ್ಟಿತು. ಹೊರಸೂಸುವಿಕೆಯ ದಾಖಲೆ ಹೀಗೆ ಹೊರಸೂಸುವವರ ಹೊಟ್ಟೆಗೇ ಸೇರಿತು!

ಮರಗಳು ಹಾಗಲ್ಲ. ನಿಂತಲ್ಲೇ ನಿಲ್ಲುತ್ತವೆ. ನಮ್ಮ ಬೀದಿಯಲ್ಲಿ ಹದಿನಾಲ್ಕು ಮರಗಳಿದ್ದವು. ಯಜಮಾನರು ಟೇಪ್ ಹಿಡಿದು ಎದೆಮಟ್ಟದಲ್ಲಿ ಸುತ್ತಳತೆ ತೆಗೆಯುವುದು, ನಾನು ಬರೆದುಕೊಳ್ಳುವುದು. ಮೊದಲು ನಿಂತದ್ದು ಎದುರುಮನೆಯ ನಾಗರತ್ನಮ್ಮನವರ ಹೊಂಗೆ ಮರದ ಕೆಳಗೆ.

ನಾಗರತ್ನಮ್ಮನವರಿಗೆ ಎಪ್ಪತ್ತಾರು. ನಾವು ಈ ಬೀದಿಗೆ ಬಂದ ದಿನ ಹಾಲುಕ್ಕಿಸಲು ಪಾತ್ರೆ ಕೊಟ್ಟವರು. ಅವರ ಯಜಮಾನರು ಇನ್ನೂ ಮನೆಯ ಗೋಡೆ ಏಳುವ ಮೊದಲೇ ನಾಯಂಡಹಳ್ಳಿ ಕಡೆಯಿಂದ ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟುಕೊಂಡು ತಂದು ನೆಟ್ಟ ಗಿಡ ಅದು. ಅವರು ಹೋಗಿ ಹನ್ನೆರಡು ವರ್ಷವಾಯಿತು. ಮಧ್ಯಾಹ್ನವಾದರೆ ನಾಗರತ್ನಮ್ಮ ಗೇಟಿನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅದರ ನೆರಳಿನಲ್ಲಿ ಅವರೆಕಾಯಿ ಬಿಡಿಸುತ್ತಲೋ, ದಾರಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಲೋ ಕೂರುತ್ತಾರೆ. ಕೂರುತ್ತಿದ್ದರು ಎನ್ನಬೇಕು.

"ಏನೇ ನಿರ್ಮಲಾ, ಮರಕ್ಕೆ ಬ್ಲೌಸ್ ಹೊಲಿಸ್ತೀಯಾ?" ಎಂದರು ಟೇಪ್ ನೋಡಿ.

ನಾನು ದೇಶದ ಲೆಕ್ಕ ವಿವರಿಸಿದೆ. ಅವರ ಮುಖ ಅರಳಿತು. "ನಮ್ಮನೇರು ಹಾಕಿದ ಮರ ದೇಶಕ್ಕೆ ಉಪಕಾರ ಮಾಡ್ತಿದೆ ಅನ್ನು. ಹಂಗಾದ್ರೆ ಇದಕ್ಕೇ ಮೊದಲನೇ ನಂಬರ್ ಕೊಡಮ್ಮ."

ಕೊಟ್ಟೆ. ಸಂತೋಷವಾಗಿ ಕೊಟ್ಟೆ.

ಮರುದಿನ ಹದಿನಾಲ್ಕು ಫಲಕಗಳನ್ನು ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ ತಂದೆ. "ತೆರವು. ಮರ ಸಂಖ್ಯೆ 1. ಹೊಂಗೆ." ಹೀಗೆ. ಮೊಳೆ ಹೊಡೆದರೆ ಮರಕ್ಕೆ ನೋವಾಗುತ್ತದೆಂದು ಸೆಣಬಿನ ಹುರಿಯಿಂದ ಕಟ್ಟಿದೆ. ಅಷ್ಟು ಕರುಣೆ ನನಗೆ!

ಮೂಲೆಯ ಮಳೆಮರದ ಕೆಳಗೆ ಎಳನೀರು ಮಾರುವ ರಾಜಣ್ಣ ಫಲಕ ಓದಿದವನೇ ಕಾಯಿಗಳನ್ನು ಗಾಡಿಗೆ ತುಂಬತೊಡಗಿದ.

"ಎಲ್ಲಿಗಪ್ಪಾ?"

"ಇನ್ನೆಲ್ಲಿಗೆ ಮೇಡಂ, ತೆರವು ಅಂತ ಹಾಕವ್ರಲ್ಲ. ಅವ್ರು ಬಂದು ಗಾಡಿ ಎತ್ಕೊಂಡು ಹೋಗೋ ಮುಂಚೆ ನಾನೇ ಹೋಯ್ತೀನಿ."

"ಅಯ್ಯೋ, ನಿನ್ನನ್ನಲ್ಲ. ಅದು ಮರದ್ದು."

"ಮರಾನ ತೆಗೀತಾರಾ?"

"ಮರಾನ ತೆಗೆಯೋದಲ್ಲಪ್ಪ. ಮರಾನೇ ತೆಗೆಯೋದು!"

ರಾಜಣ್ಣ ಗಾಡಿ ತುಂಬುವುದನ್ನು ನಿಲ್ಲಿಸಿದ. ಆಮೇಲೆ ಒಂದು ಎಳನೀರು ಕೊಚ್ಚಿ ಕೈಗೆ ಕೊಟ್ಟು, "ಕುಡೀರಿ ಮೇಡಂ, ಬಿಸ್ಲು ಜಾಸ್ತಿ" ಎಂದ.

ಮನೆಗೆ ಬಂದು ಇದನ್ನು ತಮಾಷೆಯಾಗಿ ಹೇಳಿದರೆ ಯಜಮಾನರು ನಗಲಿಲ್ಲ. "ಆ ಪದ ಬದಲಾಯಿಸ್ಬಿಡೇ. ಒಬ್ಬನಿಗೆ ತಪ್ಪು ಅರ್ಥ ಆಯ್ತು ಅಂದ್ರೆ ಇನ್ನೊಬ್ಬನಿಗೂ ಆಗುತ್ತೆ."

"ಓದೋರಿಗೆ ಗೊತ್ತಿಲ್ಲದಿದ್ರೆ ಕಲೀಲಿ ಕಣ್ರೀ. ಪದದ್ದೇನು ತಪ್ಪು?"

ಇದು ನಾನೇ ಆಡಿದ ಮಾತು. ಅಕ್ಷರಶಃ.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕಚೇರಿಯಲ್ಲಿ ಬೆಳೆದ ಜೀವಕ್ಕೆ, ಸಂಬಂಧಪಟ್ಟವರಿಗೆ ಒಂದು ಪ್ರತಿ ಕಳುಹಿಸದೆ ಊಟ ಸೇರುವುದಿಲ್ಲ. ಬೀದಿಮರಗಳನ್ನು ನೋಡಿಕೊಳ್ಳುವ ಕಚೇರಿಗೆ ಒಂದು ಪತ್ರ ಬರೆದೆ. ವಿಷಯ: ನಮ್ಮ ರಸ್ತೆಯ ಹದಿನಾಲ್ಕು ಮರಗಳ ತೆರವು ಪಟ್ಟಿಯನ್ನು ಸಲ್ಲಿಸುವ ಬಗ್ಗೆ. ಕೆಳಗೆ ಮರದ ಹೆಸರು, ಯಾವ ಮನೆ ಎದುರು, ಸುತ್ತಳತೆ, ಎಲ್ಲವೂ ಅಚ್ಚುಕಟ್ಟಾಗಿ. ಕೊನೆಗೆ ಕೈ ತಾನಾಗಿಯೇ ಬರೆಯಿತು: "ಈ ಕುರಿತು ನಿವಾಸಿಗಳ ಯಾವುದೇ ಆಕ್ಷೇಪಣೆ ಇರುವುದಿಲ್ಲ. ಶೀಘ್ರ ಕ್ರಮಕ್ಕಾಗಿ ಕೋರಿದೆ." ಏನು ಕ್ರಮ? ನನಗೂ ಗೊತ್ತಿರಲಿಲ್ಲ. ಪತ್ರ ಎಂದರೆ ಹಾಗೇ ಮುಗಿಯಬೇಕು.

ಮನೆಮನೆಗೆ ಹೋಗಿ ಸಹಿ ಮಾಡಿಸಿದೆ. ನಾಗರತ್ನಮ್ಮನವರಿಗೆ, "ಓದಿ ಹಾಕಿ" ಎಂದೆ.

"ನೀನು ಬರ್ದಿದೀಯ ಅಂದ್ಮೇಲೆ ಓದೋದೇನಿದೆ?" ಎಂದು ಮೊದಲ ಸಹಿ ಹಾಕಿದರು.

ಪತ್ರ ಕೊಟ್ಟು, ಮೊಹರು ಹಾಕಿದ ಪ್ರತಿ ಪಡೆದು ಬಂದೆ. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಯಾವ ಪತ್ರಕ್ಕೂ ಆರು ತಿಂಗಳೊಳಗೆ ಉತ್ತರ ಬಂದದ್ದಿಲ್ಲ. ಇದಕ್ಕೆ ಐದೇ ದಿನದಲ್ಲಿ ಬಂತು.

ಆ ದಿನ ಯಜಮಾನರ ಕಣ್ಣು ತೋರಿಸಲು ರಾಜಾಜಿನಗರಕ್ಕೆ ಹೋಗಿದ್ದೆವು. ಡಾಕ್ಟರ ಕೋಣೆಯ ಹೊರಗೆ ಫೋನ್ ಶಬ್ದ ಮಾಡಬಾರದೆಂದು ಬೋರ್ಡಿತ್ತು. ಬೋರ್ಡಿನಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುವವಳು ನಾನು. ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿದೆ. ಯಜಮಾನರ ಕಣ್ಣಿಗೆ ಡ್ರಾಪ್ಸ್ ಬಿಟ್ಟು ಪಾಪೆ ಅಗಲ ಮಾಡಿ ಪರೀಕ್ಷೆ ಮುಗಿಸುವಷ್ಟರಲ್ಲಿ ಹನ್ನೆರಡೂವರೆ. ಆಟೋದಲ್ಲಿ ವಾಪಸ್ ಬಂದೆವು.

ನಮ್ಮ ಬೀದಿಗೆ ತಿರುಗಿದ ಕೂಡಲೇ ಯಜಮಾನರು ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದರು. "ಏನೇ ಇದು, ನಮ್ಮ ಬೀದೀಲಿ ಇಷ್ಟೊಂದು ಬೆಳಕು?"

"ಡ್ರಾಪ್ಸ್ ಕಣ್ರೀ, ಹಾಗೇ ಆಗುತ್ತೆ" ಎಂದೆ.

ಡ್ರಾಪ್ಸ್ ಆಗಿರಲಿಲ್ಲ.

ನಾಗರತ್ನಮ್ಮನವರ ಮನೆಯ ಮುಂದೆ ಆಕಾಶ ಇತ್ತು. ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ನಾನು ಆಕಾಶ ನೋಡಿರಲಿಲ್ಲ. ನೆಲದ ತುಂಬ ಕೊಂಬೆಗಳು, ಆಗಷ್ಟೇ ಬಿಟ್ಟಿದ್ದ ಎಳೆ ಚಿಗುರು, ಹಸಿ ಮರದ ಪುಡಿ. ಲಾರಿಯೊಂದು ನಿಂತಿತ್ತು. ನಾಲ್ಕು ಜನ ಎರಡನೇ ಸಂಖ್ಯೆಯ ನೇರಳೆ ಮರಕ್ಕೆ ಹಗ್ಗ ಬಿಗಿಯುತ್ತಿದ್ದರು.

ಆಟೋದಿಂದ ಹೇಗಿಳಿದೆನೋ ತಿಳಿಯದು. ಓಡಿಹೋಗಿ ನೇರಳೆ ಮರವನ್ನು ತಬ್ಬಿಕೊಂಡೆ. "ನಿಲ್ಸಿ! ನಿಲ್ಸ್ರಪ್ಪಾ! ಯಾರು ಹೇಳಿದ್ದು ನಿಮಗೆ ಕಡಿಯೋಕೆ?"

ಅವರ ಮೇಸ್ತ್ರಿ ಬಹಳ ಮರ್ಯಾದಸ್ಥ. ಯಂತ್ರ ಆಫ್ ಮಾಡಿಸಿ, ಜೇಬಿನಿಂದ ಕಾಗದ ತೆಗೆದ. "ಯಾರೋ ನಿರ್ಮಲಾ ಅಂತ ಬರ್ದವ್ರೆ ಮೇಡಂ. ಭಾಳ ಚೆನ್ನಾಗಿ ಬರ್ದವ್ರೆ. ನಮಗೆ ಬರೋ ಕಾಗದದಾಗೆ ಯಾವ ಮರ, ಎಲ್ಲಿ, ದಪ್ಪ ಎಷ್ಟು ಅಂತ ಏನೂ ಇರಲ್ಲ. ಇದ್ರಲ್ಲಿ ಎಲ್ಲಾ ಐತೆ. ಮರದ ಮ್ಯಾಲೂ ನಂಬರ್ ಐತೆ. ಎಲ್ಲಾರೂ ಹಿಂಗೆ ಬರ್ಕೊಟ್ರೆ ನಮ್ಮ ಕೆಲಸ ಎಷ್ಟು ಸಲೀಸು!"

ನನ್ನ ಬರವಣಿಗೆಗೆ ಜೀವಮಾನದಲ್ಲಿ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು.

"ಆ ನಿರ್ಮಲಾ ನಾನೇ" ಎಂದೆ. ತೆರವು ಎಂದರೆ ಮರದ ತೆರವಲ್ಲ, ಮರದಿಂದಾಗುವ ತೆರವು, ಇಂಗಾಲದ ತೆರವು, ಇದು ದೇಶದ ಲೆಕ್ಕ, ಎಂದು ಮರ ತಬ್ಬಿಕೊಂಡೇ ವಿವರಿಸಿದೆ. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಗುವುದು ನಿಂತುಹೋಯಿತು.

ಮೇಸ್ತ್ರಿ ತಲೆ ಕೆರೆದುಕೊಂಡ. "ಅದೆಲ್ಲಾ ಗೊತ್ತಾಗಲ್ಲ ಮೇಡಂ. ಕಡೀಬ್ಯಾಡಿ ಅಂದ್ರೆ ಬರ್ಕೊಡಿ, ಸಾಹೇಬ್ರಿಗೆ ತೋರಿಸ್ಬೇಕು."

ಅವನದೇ ಪೆನ್ನು ಇಸಿದುಕೊಂಡೆ. ಉಲ್ಲೇಖ, ದಿನಾಂಕ, ಮಾನ್ಯರೇ, ಯಾವುದೂ ನೆನಪಾಗಲಿಲ್ಲ. ಕಾಗದದ ಹಿಂದುಗಡೆ ಎರಡೇ ಪದ ಬರೆದೆ: "ಮರ ಕಡಿಯಬೇಡಿ." ಕೆಳಗೆ ಸಹಿ.

ಮೇಸ್ತ್ರಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಇದನ್ನೇ ಮೊದ್ಲು ಬರೀಬಾರ್ದಿತ್ತಾ ಮೇಡಂ?"

ಲಾರಿ ಹೋಯಿತು. ಹದಿಮೂರು ಮರಗಳು ಉಳಿದವು. ಒಂದು ಉಳಿಯಲಿಲ್ಲ.

ನಾಗರತ್ನಮ್ಮ ಅದೇ ಜಾಗದಲ್ಲಿ, ಅದೇ ಕುರ್ಚಿಯ ಮೇಲೆ, ತಲೆಯ ಮೇಲೆ ಸೆರಗು ಹೊದ್ದು ಬಿಸಿಲಿನಲ್ಲಿ ಕೂತಿದ್ದರು. ನಾನು ಹತ್ತಿರ ಹೋದೆ. ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ಎರಡಕ್ಕೂ ಸಿದ್ಧಳಾಗಿದ್ದೆ.

"ನನ್ನನ್ನ ಕೇಳಿದ್ರು ಕಣಮ್ಮ" ಎಂದರು, ನನ್ನನ್ನು ನೋಡದೆ. "ನಾನು ಬ್ಯಾಡ ಅಂದೆ. 'ಅಜ್ಜಿ, ನಿಮ್ಮದೇ ಸಹಿ ಐತಲ್ಲ' ಅಂತ ತೋರ್ಸಿದ್ರು. ನೋಡ್ದೆ, ನಂದೇ. ಎಲೆ ಸ್ವಲ್ಪ ಜಾಸ್ತೀನೇ ಉದುರ್ತಿತ್ತಲ್ಲ, ಒಳಗೆ ಹುಳ ಬಿದ್ದಿರ್ಬೇಕು, ನಿರ್ಮಲಾ ತಿಳಿದೋಳು, ನನಗೆ ಸಂಕಟ ಆಗುತ್ತೆ ಅಂತ ಹೇಳದೆ ಬರ್ದಿರ್ತಾಳೆ ಅಂದ್ಕೊಂಡೆ. ನಿನಗೆ ಎರಡು ಸಲ ಫೋನ್ ಮಾಡ್ದೆ. ಎತ್ತಲಿಲ್ಲ. ನಿರ್ಮಲಾ ಬರ್ದಿದಾಳೆ ಅಂದ್ಮೇಲೆ ಏನೋ ಕಾರಣ ಇರುತ್ತೆ ಅಂತ ಸುಮ್ನಾದೆ."

ಬೈದಿದ್ದರೆ ಚೆನ್ನಾಗಿತ್ತು.

ಬ್ಯಾಗಿನ ತಳದಲ್ಲಿದ್ದ ಫೋನ್ ತೆಗೆದು ನೋಡಿದೆ. ಎರಡಲ್ಲ, ಆರು ಸಲ ಮಾಡಿದ್ದರು.

ಆ ದಿನ ಕೊಂಬೆಗಳ ನಡುವೆ ಬಿದ್ದಿದ್ದ ಒಂದನೇ ಸಂಖ್ಯೆಯ ಫಲಕ ಎತ್ತಿಕೊಂಡು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಎದುರುಮನೆಗೆ ಹೋದೆ. ದಾರಿ ಎಂದರೆ ಇಪ್ಪತ್ತು ಹೆಜ್ಜೆ.

"ನನ್ನ ಅಜಾಗರೂಕತೆಯಿಂದ ಸಂಭವಿಸಿದ ಪ್ರಮಾದಕ್ಕಾಗಿ ತೀವ್ರ ವಿಷಾದ ವ್ಯಕ್ತಪಡಿಸುತ್ತಾ..."

"ಕನ್ನಡದಲ್ಲಿ ಹೇಳೇ" ಎಂದರು ನಾಗರತ್ನಮ್ಮ.

"ತಪ್ಪಾಯ್ತು" ಎಂದೆ.

"ನಮ್ಮನೇರು ಇದ್ದಿದ್ರೆ ನಿನ್ನ ಚೆನ್ನಾಗಿ ಬೈತಿದ್ರು. ನನಗೆ ಬೈಯೋಕೆ ಬರಲ್ಲ, ಏನ್ಮಾಡ್ಲಿ" ಎಂದು ಒಳಗೆ ಹೋಗಿ ಕಾಫಿ ತಂದರು. ಇಬ್ಬರೂ ಅಳುತ್ತಾ ಕುಡಿದೆವು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಮರೆತಿದ್ದರೋ, ಅದೇ ನನಗೆ ಕೊಟ್ಟ ಶಿಕ್ಷೆಯೋ, ಕೇಳುವ ಧೈರ್ಯವಾಗಲಿಲ್ಲ. ಪೂರ್ತಿ ಕುಡಿದೆ.

ಸುಷ್ಮಾ ಮಂಡ್ಯದಿಂದ ಬಂದಾಗ ನಾನೇ ಎಲ್ಲ ಹೇಳಿದೆ. 'ನಾನು ಹೇಳಿರಲಿಲ್ವಾ' ಎಂದು ಅವಳು ಅನ್ನಲಿಲ್ಲ. ಮೊಂಡು ಬುಡದ ಮುಂದೆ ನಿಂತು, "ಇದು ಇನ್ಮೇಲೆ ಎದುರು ಕಾಲಂಗೆ ಹೋಗುತ್ತೆ ಆಂಟಿ. ಆ ಸೌದೆ ಸುಟ್ರೂ ಅಷ್ಟೇ, ಕೊಳೆತ್ರೂ ಅಷ್ಟೇ, ಇಷ್ಟು ವರ್ಷ ಹಿಡಿದಿಟ್ಟಿದ್ದು ಗಾಳಿಗೆ ವಾಪಸ್" ಎಂದಳು. ನನ್ನ ಮುಖ ನೋಡಿ ಕೂಡಲೇ ಸೇರಿಸಿದಳು, "ಒಂದು ಮರದಿಂದ ದೇಶದ ಲೆಕ್ಕದಲ್ಲಿ ಏನೂ ವ್ಯತ್ಯಾಸ ಕಾಣಿಸಲ್ಲ, ಬಿಡಿ."

ನಿಜ. ದೇಶದ ಲೆಕ್ಕದಲ್ಲಿ ಕಾಣಿಸುವುದಿಲ್ಲ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಕಾಣಿಸುತ್ತದೆ. ಆ ಬೇಸಿಗೆಯಲ್ಲಿ ನಾಗರತ್ನಮ್ಮ ಹೊರಗೆ ಕೂರುವುದನ್ನೇ ಬಿಟ್ಟರು. ಸೊಪ್ಪಿನವಳು ಅವರ ಗೇಟಿನ ಬಳಿ ಬುಟ್ಟಿ ಇಳಿಸುವುದನ್ನು ಬಿಟ್ಟಳು. ಮಧ್ಯಾಹ್ನ ಮೂರಕ್ಕೆ ಕಿಟಕಿಯಿಂದ ನೋಡಿದರೆ ಖಾಲಿ ಬಿಸಿಲು. ನಾನು ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ. ಎಳೆದರೂ ಬೆಳಕು ಬರುತ್ತಿತ್ತು.

ಸುಷ್ಮಾಳ ಕೋಷ್ಟಕವನ್ನು ಪೂರ್ತಿ ತಿದ್ದಿ ಕೊಟ್ಟೆ. ತೆರವು ಇದ್ದಲ್ಲೆಲ್ಲ ಹೀರಿಕೆ. ನಲವತ್ತೇಳು ಕಡೆ ಇತ್ತು. ನಲವತ್ತೇಳು ಸಲ ಆ ಪದ ಅಳಿಸಿದ್ದೇನೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ಹೊಂಗೆ ಸಸಿ ತಂದು, ನಾಗರತ್ನಮ್ಮನವರನ್ನು ಕೇಳಿ, ಹಳೆಯ ಬುಡದ ಪಕ್ಕದಲ್ಲಿ ನೆಟ್ಟೆವು. ಗುಂಡಿ ತೋಡಿದವರು ಯಜಮಾನರು. ನೀರು ಹಾಕಿದವರು ನಾಗರತ್ನಮ್ಮ. ನನಗೆ ಕೊಟ್ಟ ಕೆಲಸ, ಛತ್ರಿ ಹಿಡಿಯುವುದು.

"ಗಿಡ ಚಿಕ್ಕದು, ಒಂದು ಬೋರ್ಡ್ ಹಾಕ್ಬೇಕು, ಇಲ್ದಿದ್ರೆ ಯಾರಾದ್ರೂ ಕಿತ್ತಾಕ್ತಾರೆ" ಎಂದರು ಯಜಮಾನರು.

ಅಭ್ಯಾಸಬಲ. ನಾನು ಜೇಬಿಲ್ಲದ ಸೀರೆಯಲ್ಲೂ ಪೆನ್ನು ಹುಡುಕತೊಡಗಿದೆ. ನಾಗರತ್ನಮ್ಮ ಥಟ್ಟನೆ ಕೈ ಎತ್ತಿದರು. "ನೀನು ಬರೀಬ್ಯಾಡ ಕಣಮ್ಮ. ನಿನಗೆ ದಮ್ಮಯ್ಯ ಅಂತೀನಿ."

ಯಜಮಾನರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾಗರತ್ನಮ್ಮ ಒಳಗೆ ಹೋಗಿ, ಹಳೆಯ ತಗಡಿನ ಮುಚ್ಚಳದ ಮೇಲೆ ಗೇಟಿಗೆ ಬಳಿದು ಉಳಿದಿದ್ದ ಪೇಂಟಿನಲ್ಲಿ ಬರೆದು ತಂದು ಸಿಕ್ಕಿಸಿದರು. "ಗಿಡ ಮುಟಬ್ಯಾಡಿ." ಒತ್ತಕ್ಷರ ಬಿಟ್ಟುಹೋಗಿದೆ. ಬೇಡಿ ಎಂಬುದು ಬ್ಯಾಡಿ ಆಗಿದೆ. ಕೊನೆಯ ಇಕಾರ ಜಾಗ ಸಾಲದೆ ಪಕ್ಕಕ್ಕೆ ಬಾಗಿದೆ. ದಿನಾ ಬೆಳಿಗ್ಗೆ ಹಾಲು ತರಲು ಹೋಗುವಾಗ ಅದರ ಮುಂದೆ ಹಾದು ಹೋಗುತ್ತೇನೆ. ಕೈ ತುರಿಸುತ್ತದೆ.

ಇಲ್ಲಿಯವರೆಗೆ ಒಬ್ಬರೂ ಗಿಡ ಮುಟ್ಟಿಲ್ಲ. ಎಲ್ಲರಿಗೂ ಅರ್ಥವಾಗುತ್ತಿದೆ.